ಒಂದೇ ವಿಷಯ, ನಾಲ್ಕು ಕಡೆ

ಪ್ರಾಜೆಕ್ಟ್ ಶುರುವಾಗುವಾಗ ಬಜೆಟ್, ಗಡುವು ಎಲ್ಲ ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ಯಾವ ವಿಷಯ ಎಲ್ಲಿ ಹೇಳಬೇಕು ಅನ್ನುವುದನ್ನು ಮಾತ್ರ ಯಾರೂ ತೀರ್ಮಾನಿಸುವುದಿಲ್ಲ.

ಆಮೇಲೆ ಶುರು ನೋಡಿ ಫಜೀತಿ. ಡಿಸೈನ್ ಬದಲಾಗಿದೆ ಅಂತ ಹೇಳಿದ್ದು ವಾಟ್ಸಾಪ್ ಗ್ರೂಪಿನಲ್ಲಿ, ಗುಡ್ ಮಾರ್ನಿಂಗ್ ಮೆಸೇಜುಗಳ ನಡುವೆ. ಹೊಸ ಫೈಲ್ ಇಮೇಲ್‌ನಲ್ಲಿ. ಒಪ್ಪಿಗೆ ಕೊಟ್ಟಿದ್ದು ಫೋನಿನಲ್ಲಿ, ಅದಕ್ಕೆ ದಾಖಲೆಯೇ ಇಲ್ಲ. ಕೆಲಸಗಳ ಪಟ್ಟಿ ಇರುವ ಟಾಸ್ಕ್ ಬೋರ್ಡಿನಲ್ಲಿ ಇನ್ನೂ ಹಳೆಯ ಡಿಸೈನೇ ಕೂತಿದೆ. ಟೆಸ್ಟಿಂಗ್‌ನವರು ಪಾಪ, ಅದನ್ನೇ ನಂಬಿ ದುಡಿದರು. ಎಲ್ಲ ನೀರಿನಲ್ಲಿ ಹೋಮ.

10 ಜನರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳೇ 45. ಅದರ ಮೇಲೆ, ಗೊಂದಲ ಬಿಡಿಸಲು ಅಂತ ಇನ್ನೊಂದು ಆಪ್ ಬೇರೆ ಯಾಕೆ? ತುರ್ತು ಇದ್ದರೆ ಫೋನ್, ತೀರ್ಮಾನವಾದರೆ ಇಮೇಲ್, ಕೆಲಸ ಎಲ್ಲಿಗೆ ಬಂತು ಅನ್ನುವುದಕ್ಕೆ ಬೋರ್ಡ್. ಇಷ್ಟನ್ನು ಮೊದಲ ದಿನವೇ ಬರೆದಿಡಲು ಏನು ಕಷ್ಟ? ಅದು ಬಿಟ್ಟು, "ಗ್ರೂಪಿನಲ್ಲಿ ಹಾಕಿದ್ದೆನಲ್ಲ, ನೋಡಲಿಲ್ವಾ?" ಅಂತ ದಯವಿಟ್ಟು ಕೇಳಬೇಡಿ.