ರೋಬೋಟ್‌ಗೆ ಸೊಂಟ ಯಾಕೆ?

ಸುಮ್ನೆ ಕೇಳ್ತಿದ್ದೀನಿ. ಯಂತ್ರಕ್ಕೆ ಎದೆ, ಸೊಂಟ ಎಲ್ಲ ಯಾಕೆ ಬೇಕು? 1927ರ ಜರ್ಮನ್ ಮೂಕಿ ಚಿತ್ರ ‘ಮೆಟ್ರೊಪೊಲಿಸ್’ನ ರೋಬೋಟ್‌ಗೆ ಎರಡೂ ಇವೆ. ಪ್ರೀತಿಸಿದವಳು ಬೇರೆಯವನನ್ನು ಮದುವೆಯಾಗಿ ತೀರಿಹೋದಳು ಅಂತ ಒಬ್ಬ ವಿಜ್ಞಾನಿ ಅವಳ ಬದಲಿಗೆ ಇದನ್ನು ಮಾಡಿಕೊಳ್ಳುತ್ತಾನೆ. ಬೇಡ ಅಂದವಳು ಸತ್ತ ಮೇಲೂ ಬಿಡಲ್ಲ ಅಂದ್ರೆ! ನೋಡಲು ಲೋಹದಂತಿದ್ದ ಆ ಗಡಸು ವೇಷದೊಳಗೆ ನಿಂತು ಮೈಯೆಲ್ಲ ತರಚಿಸಿಕೊಂಡವಳು ಬ್ರಿಗಿಟ್ಟೆ ಹೆಲ್ಮ್ ಎಂಬ ಚಿಕ್ಕ ವಯಸ್ಸಿನ ನಟಿ.

ನಮ್ಮಲ್ಲೂ ಕಮ್ಮಿಯಿಲ್ಲ. 2020ರಲ್ಲಿ ಇಸ್ರೋ ಬೆಂಗಳೂರಿನಲ್ಲಿ ವ್ಯೋಮಮಿತ್ರ ಅನ್ನೋ ರೋಬೋಟನ್ನು ತೋರಿಸಿತು. ಕಾಲಿಲ್ಲ, ಆದರೆ ಹೆಣ್ಣಿನ ಮುಖ ಇದೆ. ಮನುಷ್ಯರಿಗಿಂತ ಮೊದಲು ಬಾಹ್ಯಾಕಾಶಕ್ಕೆ ಹೋಗಿ ಅಪಾಯ ಇದೆಯಾ ಅಂತ ನೋಡುವ ಕೆಲಸ ಅವಳದು. 2024ರಲ್ಲಿ ಗಗನಯಾನಕ್ಕೆ ಹೆಸರಿಸಿದ ನಾಲ್ವರೂ ಗಂಡಸರು.

ಹೆಂಗಸರು ಬರೆದಾಗ ಕತೆ ಬೇರೆ ಕಡೆ ತಿರುಗುತ್ತದೆ. ಅಮೆರಿಕದ ಸಿ. ಎಲ್. ಮೂರ್ 1944ರಲ್ಲಿ ಬರೆದ ‘ನೋ ವುಮನ್ ಬಾರ್ನ್’ ಕತೆಯಲ್ಲಿ ಡೀರ್ಡ್ರೆ ಅನ್ನೋ ಹೆಸರಾಂತ ಕಲಾವಿದೆ ನಾಟಕಶಾಲೆಯ ಬೆಂಕಿಯಲ್ಲಿ ಸುಟ್ಟುಹೋಗುತ್ತಾಳೆ. ಮೆದುಳು ಮಾತ್ರ ಉಳಿಯುತ್ತದೆ. ಅದಕ್ಕೊಂದು ಚಿನ್ನದ ಬಣ್ಣದ ಲೋಹದ ಮೈ ಕಟ್ಟುತ್ತಾರೆ. ಕಟ್ಟಿದ ವಿಜ್ಞಾನಿಗೇ ಭಯ: ಜನ ಇವಳನ್ನು ನೋಡಿ ನಕ್ಕುಬಿಟ್ಟರೆ? ವೇದಿಕೆ ಹತ್ತಬೇಡ ಅನ್ನುತ್ತಾನೆ. ಅವಳು ಹತ್ತುತ್ತಾಳೆ. ಕುಣಿಯುತ್ತಾಳೆ, ಹಾಡುತ್ತಾಳೆ. ಕೊನೆಗೆ ಅವನಿಗೆ ನೇರವಾಗಿ ಹೇಳುತ್ತಾಳೆ, ನನ್ನ ಜೀವ ನೀನು ಕೊಟ್ಟದ್ದಲ್ಲ, ಉಳಿಸಿದ್ದು ಅಷ್ಟೇ ಅಂತ. ಹಾಗಂತ ಅವಳಿಗೆ ಅಳುಕಿಲ್ಲ ಅಂತಲ್ಲ. ಮನುಷ್ಯರಿಂದ ದೂರವಾಗಿಬಿಡ್ತೀನೇನೋ ಅನ್ನೋ ಭಯ ಅವಳನ್ನೂ ಕಾಡುತ್ತದೆ. ನನಗೆ ಈ ಕತೆ ಇಷ್ಟವಾಗಿದ್ದು ಆ ಭಯಕ್ಕೇ.

ಇದನ್ನೆಲ್ಲ ದೂರದ ಕಲ್ಪನೆ ಅನ್ನುವವರು ಒಂದು ಬೆಳಗ್ಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬನ್ನಿ. ಮೈಗೆ ಯಂತ್ರ ಕೂಡಿಸಿಕೊಂಡು ಬದುಕುವ ಹೆಂಗಸರು ಅಲ್ಲಿ ಸಿಗುತ್ತಾರೆ. ಮದ್ದೂರು ಕಡೆ ನಮ್ಮ ನೆಂಟರ ಹುಡುಗಿಯೊಬ್ಬಳಿಗೆ ಕಿವಿ ಮಿಷನ್ ಇದೆ. ಬೆವರಿದರೆ ಕೆಡುತ್ತದೆ. ಯಾರಾದರೂ ತಬ್ಬಿಕೊಂಡರೆ ಕುಂಯ್ ಅನ್ನುತ್ತದೆ. ಬ್ಯಾಟರಿ ಮುಗಿದರೆ ಮನೆಯಲ್ಲಿ ಕಾಸು ಕೇಳಬೇಕು. ಹೆಣ್ಣು ನೋಡಲು ಬರುವ ದಿನ ಅವರಮ್ಮ, “ಕಿವಿ ಮೇಲೆ ಕೂದ್ಲು ಬಿಟ್ಕೊಳವ್ವ” ಅಂದರು. ಇವಳು, “ಮುಚ್ಕೊಂಡು ಮದ್ವೆಯಾದ್ರೆ ರಾತ್ರಿ ಬಿಚ್ಚಿಡೋದ್ ಬ್ಯಾಡ್ವೇನವ್ವ?” ಅಂತ ಜುಟ್ಟು ಎತ್ತಿ ಕಟ್ಟಿಕೊಂಡು ಬಂದು ಕಾಫಿ ಕೊಟ್ಟಳು.

ಸೊಂಟ ಬಳುಕಿಸುವ ರೋಬೋಟ್‌ಗಳು ಸಾಕು ಕಣ್ರೀ. ಬ್ಯಾಟರಿಗೆ ಕಾಸು ಯಾರು ಕೊಡ್ತಾರೆ, ಕೆಟ್ಟರೆ ರಿಪೇರಿಗೆ ಯಾರು ಕರ್ಕೊಂಡು ಹೋಗ್ತಾರೆ, ಹೊಸ ಮಾಡೆಲ್ ಬಂದಾಗ ಮನೆಯಲ್ಲಿ ಮೊದಲು ಯಾರಿಗೆ ಕೊಡಿಸ್ತಾರೆ, ಇದನ್ನೆಲ್ಲ ಕೇಳುವ ಸೈನ್ಸ್ ಫಿಕ್ಷನ್ ಕನ್ನಡದಲ್ಲಿ ಯಾರಾದರೂ ಬರೆದಿದ್ದರೆ ಹೇಳಿ. ಈ ವಾರವೇ ಓದ್ತೀನಿ.