ದನ ಎಲ್ಲಿ ಕಟ್ತಾರೆ?

2016ರ ಜೂನ್. ನಾನು ಆಗ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದೆ. ಊರಿಗೆ ಫೋನ್ ಮಾಡಿ, "ಅಪ್ಪಾ, ಈ ವಾರ ನನ್ನ ಫೋನ್ ಸಿಗದೇ ಇರಬಹುದು. ಒಂದು ಕಡೆ ಹೊಲದಲ್ಲಿ ಐದು ದಿನ ಹಾಡು, ಕುಣಿತ ಎಲ್ಲ ಇರತ್ತೆ. ಟೆಂಟ್ ಹಾಕ್ಕೊಂಡು ಅಲ್ಲೇ ಇರ್ತೀವಿ" ಅಂದೆ.

"ಯಾರ ಹೊಲ?"

"ಅಲ್ಲಿಯ ಒಬ್ಬ ರೈತರದ್ದು. ಹಾಲಿನ ವ್ಯಾಪಾರ. ನೂರಾರು ಹಸು ಇದಾವಂತೆ."

"ಜನ ಎಷ್ಟು ಸೇರ್ತಾರೆ?"

"ಒಂದೂವರೆ ಲಕ್ಷದ ಮೇಲೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಅಪ್ಪ ಕೇಳಿದರು: "ಅಲ್ಲ ಕಣೋ, ಅಷ್ಟು ಜನ ಬಂದ್ರೆ ದನಗಳನ್ನ ಎಲ್ಲಿ ಕಟ್ತಾರೆ?"

ನನಗೆ ಗೊತ್ತಿರಲಿಲ್ಲ. ಗ್ಲಾಸ್ಟನ್‌ಬರಿ ಅನ್ನುವ ಆ ಸಂಗೀತದ ಜಾತ್ರೆಯಲ್ಲಿ ಶನಿವಾರ ಗಾಯಕಿ ಅಡೆಲ್ ಹಾಡುತ್ತಾಳೆ, ಭಾನುವಾರ ಕೋಲ್ಡ್‌ಪ್ಲೇ ಬ್ಯಾಂಡ್ ಅನ್ನುವುದು ಗೊತ್ತಿತ್ತು. ಆದರೆ ಯಾರೂ ನನ್ನನ್ನು ದನದ ಬಗ್ಗೆ ಕೇಳಿರಲಿಲ್ಲ. ಅಪ್ಪ ದೊಡ್ಡಬಳ್ಳಾಪುರದ ಕಡೆಯವರು. ಅವರಿಗೆ ಜಾತ್ರೆ ಅಂದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಅಲ್ಲಿ ಹಳ್ಳಿಕಾರ್ ಜೋಡಿಗೆ ಚಪ್ಪರ, ಯಜಮಾನನಿಗೆ ಪಕ್ಕದಲ್ಲಿ ಹುಲ್ಲಿನ ಮೇಲೆ ಹಾಸಿಗೆ. ಮನುಷ್ಯರಿಗೆ ಟೆಂಟ್ ಕೊಟ್ಟು ಹಸುಗಳನ್ನು ಓಡಿಸುವ ಜಾತ್ರೆ ಅವರ ತಲೆಗೆ ಹೋಗಲಿಲ್ಲ.

ಟಿಕೆಟ್‌ನ ಬೆಲೆ ಅವರಿಗೆ ಹೇಳಲಿಲ್ಲ. 228 ಪೌಂಡ್. ಆಗಿನ ಲೆಕ್ಕದಲ್ಲಿ ಇಪ್ಪತ್ತೆರಡು ಸಾವಿರ ರೂಪಾಯಿಯ ಮೇಲೆ. ಅದಕ್ಕೂ ಹಿಂದಿನ ಅಕ್ಟೋಬರ್‌ನಲ್ಲೇ ಮುಂಗಡ ಕಟ್ಟಬೇಕಿತ್ತು. ಯಾರು ಹಾಡುತ್ತಾರೆ ಅಂತ ಆಗ ಹೇಳುವುದೂ ಇಲ್ಲ. ಮೊದಲೇ ಫೋಟೋ ಕೊಟ್ಟು ಹೆಸರು ನೋಂದಾಯಿಸಿ, ಭಾನುವಾರ ಬೆಳಿಗ್ಗೆ ಎದ್ದು ಕಂಪ್ಯೂಟರ್ ಮುಂದೆ ಕೂತು, ಪೇಜ್ ತೆರೆದುಕೊಳ್ಳಲಿ ಅಂತ ಕಾಯಬೇಕು. ನಮ್ಮಲ್ಲಿ ಹೆಣ್ಣು ನೋಡದೆ ಮದುವೆಗೆ ಒಪ್ಪಿಕೊಳ್ಳುತ್ತಿದ್ದ ಕಾಲ ಇತ್ತಲ್ಲ, ಸುಮಾರು ಹಾಗೆ.

ಬುಧವಾರ ಹೊರಟೆವು. ದೂರ ಹೆಚ್ಚಿಲ್ಲ, ಆದರೆ ಮಳೆ. ಹೊಲಗಳಲ್ಲಿ ಕಾರು ನಿಲ್ಲಿಸಲಾಗದೆ ರಸ್ತೆಯೆಲ್ಲ ಕಟ್ಟಿಕೊಂಡಿತ್ತು. ಬಸ್ಸು ಗಂಟೆಗಟ್ಟಲೆ ನಿಂತಲ್ಲೇ ನಿಂತಿತು. ಪಕ್ಕದ ಸೀಟಿನಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಹೆಣಿಗೆ ಹಾಕುತ್ತಾ ಕೂತಿದ್ದರು. ಎಂಬತ್ತರ ದಶಕದಿಂದ ಬರುತ್ತಿದ್ದಾರಂತೆ. ಧೈರ್ಯ ಮಾಡಿ ಅಪ್ಪನ ಪ್ರಶ್ನೆಯನ್ನೇ ಕೇಳಿದೆ. ಆಕೆ ನಗಲಿಲ್ಲ. ಒಳ್ಳೆಯ ಪ್ರಶ್ನೆ ಅಂದರು.

ಹಸುಗಳಿಗೆ ಆ ದಿನಗಳಲ್ಲಿ ಒಂದು ದೊಡ್ಡ ಕೊಟ್ಟಿಗೆ. ಅದರ ಹೆಸರು ಮೂಟೆಲ್. ಇಲ್ಲಿನ ಹಸು ಅಂಬಾ ಅನ್ನುವುದಿಲ್ಲ, ಮೂ ಅನ್ನುತ್ತದೆ. ಹೆದ್ದಾರಿ ಪಕ್ಕದ ತಂಗುಮನೆಗೆ ಮೋಟೆಲ್ ಅನ್ನುತ್ತಾರೆ, ಅದಕ್ಕೆ ಮೂ ಸೇರಿಸಿದರೆ ಮೂಟೆಲ್. ಚಾವಣಿಯ ಮೇಲೆ ಸೋಲಾರ್ ಬೇರೆ. ಹೊಲದ ಒಡೆಯ ಮೈಕೇಲ್ ಈವಿಸ್, ಹತ್ತೊಂಬತ್ತನೇ ವಯಸ್ಸಿಗೆ ತಂದೆ ತೀರಿಕೊಂಡಾಗ ಹಡಗಿನ ಕೆಲಸ ಬಿಟ್ಟು ಬಂದು ಹಾಲು ಕರೆಯಲು ಕೂತವರು. 1970ರಲ್ಲಿ ಮೊದಲ ಸಲ ಹಾಡಿನವರನ್ನು ಕರೆಸಿದರು. ಬಂದದ್ದು ಒಂದೂವರೆ ಸಾವಿರ ಜನ. ಟಿಕೆಟ್ ಒಂದು ಪೌಂಡ್, ಜೊತೆಗೆ ಹೊಲದ ಹಾಲು ಉಚಿತ. 1981ರಲ್ಲಿ ಕಟ್ಟಿದ ಮುಖ್ಯ ವೇದಿಕೆ ಪಿರಮಿಡ್ ಸ್ಟೇಜ್ ಚಳಿಗಾಲದಲ್ಲಿ ಕೊಟ್ಟಿಗೆ, ಹುಲ್ಲು ತುಂಬುವ ಮನೆ. ಜೂನ್ ಬಂದರೆ ಸಗಣಿ ಬಾಚಿ ಗಿಟಾರ್ ಇಡುತ್ತಿದ್ದರು. 1994ರಲ್ಲಿ ಅದು ಬೆಂಕಿಗೆ ಹೋಯಿತು. ಈಗಿನದು ಕಬ್ಬಿಣದ್ದು, ಅದರಲ್ಲಿ ಹಸುಗಳಿಗೆ ಪಾಲಿಲ್ಲ.

ಇನ್ನು ಕೆಸರು. ಇಷ್ಟು ವರ್ಷದಲ್ಲಿ ಇಂಥ ಕೆಸರು ನೋಡಿಲ್ಲ ಅಂತ ಈವಿಸ್ ಅವರೇ ಆ ಸಲ ಹೇಳಿದ್ದರು. ಗುರುವಾರ ಅದು ಸಾರಿನ ಹದದಲ್ಲಿತ್ತು. ಶುಕ್ರವಾರ ಹುಳಿ ಆಯಿತು. ಭಾನುವಾರದ ಹೊತ್ತಿಗೆ ಮುದ್ದೆ. ಸಾರಿನಲ್ಲಿ ಗಂಬೂಟು ಜಾರುತ್ತದೆ, ಅಷ್ಟೇ. ಮುದ್ದೆಯಲ್ಲಿ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಮುಂದೆ ಹೋಗುತ್ತದೆ. ಮರದ ಚಕ್ಕೆಗಳನ್ನು ಲೋಡುಗಟ್ಟಲೆ ತಂದು ಸುರಿದರು. ಮಣ್ಣು ಅದನ್ನೂ ನುಂಗಿತು. ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅಲ್ಲಿ ಹಾಡು ಮುಗಿದಿರುತ್ತಿತ್ತು. ಕಾಲು ಹೇಗೆ ಇಡಬೇಕು, ಯಾವಾಗ ಕೀಳಬೇಕು ಅಂತ ಜೊತೆಗಿದ್ದವರಿಗೆ ನಾನೇ ಹೇಳಿಕೊಟ್ಟೆ. ಅಪ್ಪ ನನ್ನನ್ನು ಇಂಜಿನಿಯರಿಂಗ್ ಓದಿಸಿದ್ದೇ ಮಗ ಕೆಸರಿಗೆ ಇಳಿಯಬಾರದು ಅಂತ. 228 ಪೌಂಡ್ ಕೊಟ್ಟು ಇಳಿದೆ.

ಶುಕ್ರವಾರ ಬೆಳಿಗ್ಗೆ ಟೆಂಟ್‌ನಿಂದ ತಲೆ ಹೊರಗೆ ಹಾಕಿದರೆ ಸುತ್ತ ಮೌನ. ಬ್ರಿಟನ್ ಯುರೋಪಿನ ಒಕ್ಕೂಟ ಬಿಡುವುದು ಅಂತ ಮತ ಬಿದ್ದಿತ್ತು. ಪಕ್ಕದ ಟೆಂಟ್‌ನ ಪೋರ್ಚುಗೀಸ್ ಹುಡುಗಿ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಫೋನ್ ನೋಡುತ್ತಾ ನಿಂತಿದ್ದಳು. ನನ್ನ ವೀಸಾಕ್ಕೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ವಿಮಾನ ನಿಲ್ದಾಣದಲ್ಲಿ ನಾನು ಮೊದಲಿಂದಲೂ ಉದ್ದದ ಕ್ಯೂನವನು. ಆದರೂ ಅವಳಿಗೆ ಏನು ಹೇಳಬೇಕು ತಿಳಿಯದೆ ಬಿಸ್ಕತ್ತು ಕೊಟ್ಟೆ. ಆ ಬೆಳಿಗ್ಗೆ ಪಿರಮಿಡ್ ಸ್ಟೇಜ್‌ನಲ್ಲಿ ಇಂಗ್ಲಿಷ್ ಗಾಯಕ ಡೇಮನ್ ಆಲ್ಬಾರ್ನ್ ಜೊತೆ ಬಂದವರು ಸಿರಿಯಾದ ವಾದ್ಯಗಾರರು. ಯುದ್ಧದಿಂದ ಚೆಲ್ಲಾಪಿಲ್ಲಿ ಆದವರು ಅಲ್ಲಿ ಒಟ್ಟಿಗೆ ಕೂತು ನುಡಿಸಿದರು. ಪಿಟೀಲುಗಳು ಒಮ್ಮೆಗೇ ಎದ್ದಾಗ ನನಗೆ ಭಾಷೆ ಬೇಕಾಗಲಿಲ್ಲ. ಐದು ದಿನದಲ್ಲಿ ನಾನು ಪೂರ್ತಿ ನಿಂತು ಕೇಳಿದ್ದು ಅದೊಂದೇ.

ಮಿಕ್ಕಿದ್ದೆಲ್ಲ ಕ್ಯೂನಲ್ಲಿ ಕೇಳಿದ್ದು. ಚಹಾದ ಕ್ಯೂ, ಫೋನ್ ಚಾರ್ಜಿಂಗ್ ಕ್ಯೂ, ಎಲ್ಲಕ್ಕಿಂತ ಜಾಸ್ತಿ ಕಕ್ಕಸಿನ ಕ್ಯೂ. ಅಲ್ಲಿನ ಕಕ್ಕಸಿಗೆ ಆಳದ ಗುಂಡಿ, ಮೇಲೆ ಸಾಲು ಬಾಗಿಲು, ಚಾವಣಿ ಇಲ್ಲ. ಒಳಗೆ ಕೂತರೆ ಸಂಗೀತ ನೇರ ತಲೆಯ ಮೇಲೆ ಬೀಳುತ್ತದೆ. ಅಡೆಲ್‌ಳನ್ನು ದಿಬ್ಬದ ಮೇಲಿಂದ ನೋಡಿದೆ, ಕಡಲೆಕಾಳಿನಷ್ಟು ಕಂಡಳು. ದನಿ ಮಾತ್ರ ಪಕ್ಕದಲ್ಲೇ ಕೂತಂತೆ.

ಸೋಮವಾರ ಟೆಂಟ್ ಬಿಚ್ಚುವಾಗ ಒಂದು ಗೂಟ ಕೆಸರಿನಲ್ಲಿ ಸಿಗಲಿಲ್ಲ. ಬಿಡು ಅಂದರು ಜೊತೆಯವರು. ಬಿಡಲು ಮನಸ್ಸಾಗಲಿಲ್ಲ. ಕಬ್ಬಿಣದ ಚೂರು ಮೇವಿನ ಜೊತೆ ಹೊಟ್ಟೆಗೆ ಹೋದರೆ ಹಸು ಉಳಿಯುವುದಿಲ್ಲ. ಅದಕ್ಕೇ ಫೆಸ್ಟಿವಲ್ ಮುಗಿದ ಮೇಲೆ ಹೊಲದಲ್ಲೆಲ್ಲ ಆಯಸ್ಕಾಂತ ಎಳೆದುಕೊಂಡು ಓಡಾಡುತ್ತಾರಂತೆ. ಮಂಡಿಯೂರಿ ಹುಡುಕಿ ತೆಗೆದೆ.

ಬಸ್ಸಿನಿಂದ ಅಪ್ಪನಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. ಮೂಟೆಲ್ ಕಥೆಗೆ "ಲಾಡ್ಜಾ?" ಅಂತ ನಕ್ಕರು. ಐದಾರು ವರ್ಷಕ್ಕೊಮ್ಮೆ ಜಾತ್ರೆ ನಿಲ್ಲಿಸಿ ಹೊಲವನ್ನು ಬೀಳು ಬಿಡುತ್ತಾರೆ ಅಂದಾಗ, "ಹಂಗಾದ್ರೆ ರೈತನೇ ಬಿಡು" ಅಂದರು. ನನಗೂ ಉಮೇದು ಬಂತು. ನಿನ್ನೆ ರಾತ್ರಿ ಕೋಲ್ಡ್‌ಪ್ಲೇ ಜೊತೆ ಆ ಎಂಬತ್ತು ವರ್ಷದ ಯಜಮಾನರೇ ಸ್ಟೇಜ್ ಹತ್ತಿ ಹಾಡಿದರು, ಅಷ್ಟೂ ಜನ ಜೊತೆಗೆ ದನಿ ಸೇರಿಸಿದರು ಅಂದೆ.

"ಎಷ್ಟೊತ್ತಿಗೆ?"

"ಹತ್ತರ ಮೇಲಾಗಿತ್ತು."

"ಅಷ್ಟೊತ್ತಲ್ಲಿ ಹಾಡ್ತಾ ನಿಂತ್ರೆ," ಅಂದರು ಅಪ್ಪ, "ಬೆಳಿಗ್ಗೆ ಎದ್ದು ಹಾಲು ಕರೆಯೋರು ಯಾರು?"