ದೊಡ್ಡವರಿಗೆ ಅಂಟದ ಬೈಗುಳ

ಒರಟುತನವನ್ನು ಹೆಸರಿಸಲು ಇಂಗ್ಲಿಷಿನಲ್ಲಿ ಪದಗಳಿಗೆ ಬರವಿಲ್ಲ. ‘ರೂಡ್’ ಎಂಬುದನ್ನು ಯಾರು ಯಾರ ಮೇಲಾದರೂ ಎಸೆಯಬಹುದು. ನನಗೆ ಮೋಜೆನಿಸುವುದು ‘ಇಂಪರ್ಟಿನೆಂಟ್’, ಅಂದರೆ ಉದ್ಧಟ. ಇದು ಆಳು ನೋಡಿ ಅಂಟಿಕೊಳ್ಳುವ ಪದ. ಮಗು ಹಿರಿಯರಿಗೆ ತಿರುಗಿ ಮಾತನಾಡಿದರೆ, ಗುಮಾಸ್ತ ಸಾಹೇಬರ ಲೆಕ್ಕದಲ್ಲಿ ತಪ್ಪು ಹುಡುಕಿದರೆ ಅದು ಇಂಪರ್ಟಿನೆನ್ಸ್. ಸಾಹೇಬರು ಅದೇ ಗುಮಾಸ್ತನ ಮುಂದೆ ಫೈಲು ಬಿಸಾಡಿದರೆ ಅಲ್ಲ. ಅದಕ್ಕೆ ಸಿಡುಕು, ದರ್ಪ ಎಂಬ ಬೇರೆ ಹೆಸರುಗಳಿವೆ. ಅವರು ನಿವೃತ್ತರಾದ ಮೇಲಾದರೆ ‘ಬಹಳ ಶಿಸ್ತಿನ ಮನುಷ್ಯ’.

ಲ್ಯಾಟಿನ್ ಮೂಲದ ಈ ಪದಕ್ಕೆ ಹುಟ್ಟಿನಲ್ಲಿ ಬೈಗುಳದ ಸೋಂಕೇ ಇರಲಿಲ್ಲ. 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ಸಂಬಂಧಪಡದ್ದು’, ‘ಅಪ್ರಸ್ತುತ’ ಎಂದಷ್ಟೇ. ನ್ಯಾಯಾಲಯಗಳು ಇನ್ನೂ ಆ ಹಳೆಯ ಅರ್ಥವನ್ನು ಕೈಬಿಟ್ಟಿಲ್ಲ. ಅಮೆರಿಕದ ಫೆಡರಲ್ ಸಿವಿಲ್ ನಿಯಮಾವಳಿಯ 12(ಎಫ್) ನಿಯಮದ ಪ್ರಕಾರ, ವಾದಪತ್ರದಲ್ಲಿರುವ ‘ಇಂಪರ್ಟಿನೆಂಟ್’ ಸಂಗತಿಗಳನ್ನು ನ್ಯಾಯಾಧೀಶರು ತೆಗೆದುಹಾಕಬಹುದು. ವಕೀಲರು ಉದ್ಧಟರೆಂದಲ್ಲ, ಬರೆದದ್ದು ವ್ಯಾಜ್ಯಕ್ಕೆ ಸಂಬಂಧಿಸಿಲ್ಲವೆಂದು. ನ್ಯಾಯಾಲಯದ ಹೊರಗೆ ಮಾತ್ರ 17ನೇ ಶತಮಾನ ಮುಗಿಯುವ ಹೊತ್ತಿಗೆ ‘ಇದು ವಿಷಯಕ್ಕೆ ಸಂಬಂಧಿಸಿದ್ದಲ್ಲ’ ಎನ್ನುವುದು ‘ಇದು ನಿನಗೆ ಸಂಬಂಧಿಸಿದ್ದಲ್ಲ’ ಎಂದಾಗಿತ್ತು. ತಪ್ಪು ಮಾತಿನಿಂದ ಜಾರಿ ಮಾತನಾಡಿದವನ ಹೆಗಲೇರಿತು.

ನಮ್ಮ ‘ಅಧಿಕಪ್ರಸಂಗ’ವನ್ನು ನೋಡಿ. ಬಿಡಿಸಿದರೆ ಅದು ‘ಪ್ರಸಂಗಕ್ಕೆ ಮೀರಿದ್ದು’ ಅಷ್ಟೇ, ಇದರಲ್ಲಿ ಬೈಯುವಂಥದ್ದೇನಿದೆ? ಆದರೂ ಇದು ಕಿರಿಯರಿಗೇ ಮೀಸಲು. ಸಭೆಯಲ್ಲಿ ಅಧ್ಯಕ್ಷರು ಒಂದೂವರೆ ಗಂಟೆ ವಿಷಯ ಬಿಟ್ಟು ಎಲ್ಲೆಲ್ಲೋ ಅಲೆದರೂ ಅವರನ್ನು ಅಧಿಕಪ್ರಸಂಗಿ ಎಂದವರುಂಟೇ? ಹಿಂದಿನ ಸಾಲಿನ ಹುಡುಗ ಎದ್ದು, “ಸರ್, ಇವತ್ತಿನ ವಿಷಯ ಯಾವುದು?” ಎಂದರೆ ಆ ಬಿರುದು ತಕ್ಷಣ ಅವನ ಪಾಲಿಗೆ.

ಇಡೀ ಸಭೆಯಲ್ಲಿ ವಿಷಯಕ್ಕೆ ಸಂಬಂಧಪಟ್ಟ ಮಾತೆಂದರೆ ಅದೊಂದೇ ಎಂಬುದನ್ನು ಗಮನಿಸಬೇಕು. ಮಕ್ಕಳ ಕಥೆಯೂ ಇದೇ. ದೊಡ್ಡಪ್ಪ ತಾವು ಶಾಲೆಗೆ ಐದು ಮೈಲಿ ನಡೆದು ಹೋಗುತ್ತಿದ್ದುದನ್ನು ಅತಿಥಿಗಳಿಗೆ ಬಣ್ಣಿಸುತ್ತಿರುತ್ತಾರೆ. “ಹೋದ ಸಲ ಮೂರು ಮೈಲಿ ಎಂದಿದ್ದಿರಲ್ಲ, ದೊಡ್ಡಪ್ಪ?” ಎನ್ನುತ್ತದೆ ಮಗು. ಇದಕ್ಕಿಂತ ಪ್ರಸ್ತುತವಾದ ಪ್ರಶ್ನೆ ಇನ್ನೊಂದಿಲ್ಲ. ತಾಯಿ ಕಣ್ಣು ಬಿಡುತ್ತಾಳೆ, ಅತಿಥಿಗಳು ಸುಮ್ಮನೆ ಕೆಮ್ಮುತ್ತಾರೆ, ಮಗುವನ್ನು ಒಳಗೆ ಕಳುಹಿಸಲಾಗುತ್ತದೆ. ಮೈಲಿಗಳು ಐದಾಗಿಯೇ ಉಳಿಯುತ್ತವೆ.

ಇಂಥ ಏಟು ತಿಂದು ಬೆಳೆದವರು ಮುಂಗಡ ಜಾಮೀನು ಪಡೆಯುವುದನ್ನು ಕಲಿಯುತ್ತಾರೆ: “ಅಧಿಕಪ್ರಸಂಗ ಎನ್ನಿಸದಿದ್ದರೆ ಒಂದು ಮಾತು ಹೇಳಲೇ?” ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲವಾದ್ದರಿಂದ, ಹೇಳಬೇಕಾದ್ದನ್ನೆಲ್ಲ ಹೇಳಿಯೇ ಮುಗಿಸುತ್ತಾರೆ. ಮೇಲಿನ ಕುರ್ಚಿಯವರಿಗೆ ಈ ಪೀಠಿಕೆಯ ಅಗತ್ಯ ಬೀಳುವುದಿಲ್ಲ. ಅವರು “ನೋಡ್ರೀ” ಎಂದೇ ಶುರು ಮಾಡುತ್ತಾರೆ.